ಅರ್ಧ ಕೆಜಿ ತೊಗರಿ

ಹೆಸರು, ವಯಸ್ಸು, ಊರು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸದ್ಯಕ್ಕೆ ಸ್ಯಾಮುವೆಲ್ ಅನ್ನೋಣ. 34 ವರ್ಷ, ಆಳಂದ ಕಡೆಯವರು, ಮೆಥೋಡಿಸ್ಟ್ ಕ್ರೈಸ್ತ ಸಭೆಗೆ ಸೇರಿದವರು. ಕಲಬುರಗಿಯ ಧಾನ್ಯ ಮಾರುಕಟ್ಟೆ ಗಂಜ್‌ನಲ್ಲಿ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ತೂಕ ಬರೆಯುವ ಕೆಲಸ.

ನನ್ನ ಹತ್ತಿರ ಸಮಾಲೋಚನೆಗೆ ಕರೆದುಕೊಂಡು ಬಂದದ್ದು ಹೆಂಡತಿ. ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಸುಮ್ನೆ ರೇಗುತ್ತಾರೆ ಎಂದರು. ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಕರ್ತನ ಭೋಜನದ ಆಯ್ತವಾರ ಬಂದ್ರ ಸಾಕ್ರೀ, ಇವರು ನಡುವನ ಎದ್ದು ಹೊರಗ ಹೋಗಿ ಗಾಡಿ ಒರಸ್ಕೋತ ನಿಲ್ತಾರ." ಕರ್ತನ ಭೋಜನ ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಸ್ಯಾಮುವೆಲ್ ತಲೆ ತಗ್ಗಿಸಿದರು. ಮುಂದಿನ ವಾರ ಒಬ್ಬರೇ ಬರಲು ಹೇಳಿದೆ.

ಬಂದರು, ನಡೆಯುತ್ತಿದ್ದದ್ದನ್ನು ಹೇಳಿದರು. ಜನವರಿಯಲ್ಲಿ ಗಂಜ್‌ಗೆ ತೊಗರಿ ಸುರಿಯುತ್ತದೆ. ಮಧ್ಯಾಹ್ನ ರೈತ ಚಹಾಕ್ಕೆ ಹೋದಾಗ ತೂಕದ ಕಾಟಾ ಹತ್ತಿರ ಇವರು ಮತ್ತು ಒಬ್ಬ ಹಮಾಲ, ಇಬ್ಬರೇ. ಕಾಟಾ 50.5 ಕೆಜಿ ತೋರಿಸುತ್ತದೆ, ಇವರು 50 ಬರೆಯುತ್ತಾರೆ. ಸಂಜೆ ಒಂದೊಂದು ಚೀಲದಿಂದ ಅರ್ಧ ಕೆಜಿ ತೆಗೆದು ಬೇರೆ ಚೀಲಕ್ಕೆ ಹಾಕುತ್ತಾರೆ. ನಲವತ್ತು ಚೀಲ ಅಂದರೆ 20 ಕೆಜಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಲೆಕ್ಕ ಹಿಡಿದರೂ ದಿನಕ್ಕೆ 1,600. ಅದರಲ್ಲಿ ಹಮಾಲನಿಗೂ ಪಾಲು.

"ಆ ರೊಕ್ಕದಾಗೂ ದಶಮಾಂಶ ಕೊಟ್ಟೀನ್ರೀ ಮೇಡಂ," ಎಂದರು.

ನನಗೆ ನಗು ಬರಲಿಲ್ಲ. ಇದು ನಾನು ಬಹಳ ಸಲ ಕೇಳಿದ ಮಾತು, ರೂಪ ಮಾತ್ರ ಬೇರೆ. ಒಂದು ಒಳ್ಳೆಯ ಕೆಲಸ ಮಾಡಿದ ಕೂಡಲೇ ಮನಸ್ಸು ನಮಗೆ ಒಂದು ತಪ್ಪಿಗೆ ಪರವಾನಗಿ ಕೊಟ್ಟುಬಿಡುತ್ತದೆ. ಹತ್ತರಲ್ಲಿ ಒಂದು ದೇವರಿಗೆ ಕೊಟ್ಟೆನಲ್ಲ, ಉಳಿದ ಒಂಬತ್ತು ನನ್ನದೇ ಅನ್ನಿಸುತ್ತದೆ.

ಅವರು ಪ್ರಾರ್ಥನೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮೊಣಕಾಲೂರಿ, ಇವತ್ತು ಮಾಡಲ್ಲ ಎಂದು ಮಾತು ಕೊಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಕೈ ತಾನಾಗಿಯೇ 50 ಬರೆಯುತ್ತಿತ್ತು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ಕೇಳುವುದು ಶೋಧನೆಯೊಳಗೆ, ಅಂದರೆ ಪಾಪಕ್ಕೆ ಸೆಳೆಯುವ ಪರಿಸ್ಥಿತಿಯೊಳಗೆ, ಸೇರಿಸಬೇಡ ಎಂದು, ಅಲ್ವಾ? ಇವರು ದಿನಾ ತಾವೇ ಒಳಗೆ ಹೋಗಿ ಕೂತು, ಗೆಲ್ಲಿಸು ಎಂದು ಕೇಳುತ್ತಿದ್ದರು. ಹಾಗೆಂದೇ ಹೇಳಿದೆ. ಸ್ವಲ್ಪ ಒರಟಾಯಿತೇನೋ.

ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ಅವರಿಗೆ ಬಾಯಿಪಾಠ. ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಇಡುತ್ತಾನೆ ಎಂಬ ಮಾತು ಅಲ್ಲಿದೆ. ನಿಮ್ಮ ಅಂಗಡಿಯಲ್ಲಿ ಆ ದಾರಿ ಎಲ್ಲಿದೆ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದರು. "ರೈತ ಅಲ್ಲೇ ನಿಂತಿದ್ರ ನನಗ ಬರೆಯಾಕ ಆಗಲ್ರೀ."

ಹಾಗಾದರೆ ರೈತನನ್ನು ಅಲ್ಲೇ ನಿಲ್ಲಿಸಿಕೊಳ್ಳಿ ಎಂದೆ. ರೈತ ಚಹಾ ಕುಡಿದು ಬರುವ ತನಕ ತೂಕ ಬೇಡ. ಬಂದಮೇಲೆ "ಕಾಕಾ, ನೀವೇ ಓದ್ರಿ" ಅನ್ನಿ, ಅವರು ಓದಿದ್ದನ್ನೇ ಬರೆಯಿರಿ. ಓದಲು ಬಾರದವರಿಗೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಹಮಾಲನಿಗೂ ಮೊದಲೇ ತಿಳಿಸಿಬಿಡಿ. ಅವನು ಸಿಟ್ಟಾಗುತ್ತಾನೆ, ಆಗಲಿ. ಬೆಳಗಿನ ಪ್ರಾರ್ಥನೆ ಇರಲಿ. ಜೊತೆಗೆ ಮೂರು ಗಂಟೆಗೆ ಹೆಂಡತಿಗೆ ಒಂದು ಫೋನ್.

ಹೆಂಡತಿಗೆ ಅವತ್ತೇ ರಾತ್ರಿ ಎಲ್ಲ ಹೇಳಿದರಂತೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನದಿಂದ ಫೋನ್ ಎತ್ತಿದರು.

ಕಷ್ಟವಾದದ್ದು ಹಿಂದಿನ ದುಡ್ಡು. ಹಳೆಯ ಪಟ್ಟಿಗಳನ್ನು ನೋಡಿ ಹನ್ನೊಂದು ರೈತರ ಹೆಸರು ಬರೆದುಕೊಂಡು ಬಂದರು. ಲೆಕ್ಕದಲ್ಲಿ ತಪ್ಪಾಗಿತ್ತು ಎಂದು ಹೇಳಿ ಕೊಟ್ಟರೆ ಸಾಕಲ್ವಾ ಎಂದು ಕೇಳಿದರು. ಸಾಕಾಗಲ್ಲ, ಅದೂ 50.5ನ್ನು 50 ಎಂದು ಬರೆದ ಹಾಗೇ ಎಂದೆ. ಆದರೆ ನಿಜ ಹೇಳಿದರೆ ಕೆಲಸ ಹೋಗಬಹುದು, ಪೊಲೀಸ್ ತನಕವೂ ಹೋಗಬಹುದು. ಮನೆಯಲ್ಲಿ ಇಬ್ಬರು ಮಕ್ಕಳು. ಹೋಗಿ ಎಂದು ನಾನು ತಳ್ಳಲಿಲ್ಲ. ಯಾರ ಹತ್ತಿರ ಮೊದಲು ಹೋಗಬೇಕು, ಯಾವಾಗ ಎಂಬುದನ್ನು ಅವರೇ ತೀರ್ಮಾನಿಸಲಿ ಎಂದೆ.

ಮೂರು ವಾರ ಬರಲಿಲ್ಲ. ನಾಲ್ಕನೇ ವಾರ ಬಂದು ಹೇಳಿದರು: ತಮ್ಮೂರಿನ ಹತ್ತಿರದ ಒಬ್ಬ ಮುದುಕನ ಮನೆಗೆ ಹೋಗಿದ್ದರಂತೆ. ಹನ್ನೆರಡು ಚೀಲ, ಆರು ಕೆಜಿ, 480 ರೂಪಾಯಿ. ಮುದುಕ ಬಾಯಿಗೆ ಬಂದ ಹಾಗೆ ಬೈದ. ಬೈಯುತ್ತಲೇ ನೋಟುಗಳನ್ನು ಎರಡು ಸಲ ಎಣಿಸಿ ಅಂಗಿಯ ಒಳಗಿನ ಕಿಸೆಗೆ ಹಾಕಿಕೊಂಡ.

"ಇನ್ನ ಹತ್ತು ಮಂದಿ ಅದಾರ್ರೀ," ಎಂದರು ಸ್ಯಾಮುವೆಲ್. ಮಾಲೀಕರಿಗೆ ಇನ್ನೂ ಹೇಳಿಲ್ಲ.