ಹಂದಿ ಮಾಂಸ, ಹಳೆ ಒಡಂಬಡಿಕೆ ಮತ್ತು ಗೋವಾ

ಹಂದಿ ಬೇಡ ಅಂತ ಬೈಬಲ್ಲೇ ಹೇಳುತ್ತದೆ, ಆದರೂ ಗೋವಾದ ಕ್ರೈಸ್ತರು ತಿನ್ನುತ್ತಾರೆ, ಹಾಗಾದರೆ ಹಳೆ ಒಡಂಬಡಿಕೆಯ (ಬೈಬಲ್ಲಿನ ಮೊದಲ ಭಾಗದ) ಕಾನೂನು ಈಗ ನಡೆಯಲ್ವಾ ಅಂತ ಕೇಳಿದ್ದೀರಿ. ಹಂದಿ ಒಂದೇ ಯಾಕೆ? ಅದೇ ಭಾಗದ ಯಾಜಕಕಾಂಡ ಅನ್ನೋ ಪುಸ್ತಕದ 11ನೇ ಅಧ್ಯಾಯದಲ್ಲಿ ಈಜುರೆಕ್ಕೆ, ಹುರುಪೆ ಇಲ್ಲದ ನೀರಿನ ಜೀವಿಗಳೂ ಬೇಡ ಅಂತಿದೆ. ಅಲ್ಲಿಗೆ ಸೀಗಡಿ, ಏಡಿ, ತಿಸ್ರ್ಯೊ (ಗೋವಾದ ಚಿಪ್ಪಿನ ಜೀವಿ) ಎಲ್ಲ ಹೋಯ್ತು. ಅದನ್ನು ಮಾತ್ರ ಯಾರೂ ಕೇಳಲ್ಲ!

ನಾನು ಹುಬ್ಬಳ್ಳಿ ಕಡೆಯ ಪ್ರೊಟೆಸ್ಟಂಟ್, ಈಗ ಗೋವಾದ ವಾಸ್ಕೋದಲ್ಲಿದ್ದೇನೆ. ಈ ಜಗಳ ಸುಮಾರು ಕ್ರಿ.ಶ. 50ರಲ್ಲೇ ಆಗಿದೆ. ಯೆಹೂದ್ಯರಲ್ಲದವರು ಕ್ರೈಸ್ತ ಸಭೆಗೆ (ಚರ್ಚಿಗೆ) ಸೇರತೊಡಗಿದ್ದರು. ಅವರಿಗೂ ಸುನ್ನತಿ ಆಗಲೇಬೇಕು, ಮೋಶೆಯ ಕಾನೂನು, ಅಂದರೆ ಇದೇ ಹಳೆ ಕಾನೂನು, ಪಾಲಿಸಲೇಬೇಕು ಅಂತ ಕೆಲವರ ಹಟ. ಅನ್ಯಜನರಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಒಪ್ಪಲಿಲ್ಲ. ಯೆರೂಸಲೇಮಿನಲ್ಲಿ ಹಿರಿಯರು ಕೂತರು. ನಮ್ಮ ಕೈಲೇ ಹೊರಲಾಗದ ನೊಗ ಇವರ ಹೆಗಲಿಗೇಕೆ ಅಂದ ಯೇಸುವಿನ ಶಿಷ್ಯ ಪೇತ್ರ. ಕೊನೆಗೆ ನಾಲ್ಕೇ ನಿಷೇಧ ಉಳಿದವು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಓದಿ ನೋಡಿ. ಹಂದಿಯ ಹೆಸರೇ ಇಲ್ಲ.

ಆದರೆ ರಕ್ತ ಇದೆಯಲ್ಲ! ನಮ್ಮ ಪಕ್ಕದ ಮನೆ ಆಂಟಿ ಕ್ರಿಸ್ಮಸ್‌ಗೆ ಎರಡು ಮೂರು ದಿನ ಮೊದಲೇ ಸೊರ್ಪೊತೆಲ್ ಮಾಡಿಟ್ಟು ದಿನಾ ಬಿಸಿ ಮಾಡುತ್ತಾರೆ. ಸಣ್ಣಗೆ ಹೆಚ್ಚಿದ ಮಾಂಸ, ಲಿವರ್, ವಿನೆಗರ್, ಜೊತೆಗೆ ಹಳೇ ಪದ್ಧತಿಯಂತೆ ಹಂದಿ ರಕ್ತ. ಅವರು ಕ್ಯಾಥೊಲಿಕ್. ಅವರ ಸಭೆ 1442ರಲ್ಲೇ ಫ್ಲಾರೆನ್ಸ್ ಮಹಾಸಭೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಯೆಹೂದ್ಯರು, ಅನ್ಯಜನರು ಜಗಳವಿಲ್ಲದೆ ಒಂದಾಗಲಿ ಅಂತ ಆ ನಿಯಮ ಬಂತು. ಆ ಕಾರಣ ಈಗಿಲ್ಲ, ನಿಯಮವೂ ಇಲ್ಲ. ನನಗೆ ಈ ವಾದ ಹಿಡಿಸುತ್ತದೆ.

ಹಾಗಂತ ಎಲ್ಲ ಕಾನೂನೂ ಹೋಯ್ತು ಅಂತಲ್ಲ. ಧರ್ಮಶಾಸ್ತ್ರವನ್ನು (ಅದೇ ಹಳೆ ಕಾನೂನನ್ನು) ರದ್ದು ಮಾಡಲು ಬಂದಿಲ್ಲ ಅಂತ ಯೇಸುವೇ ಹೇಳಿದ್ದು ಮತ್ತಾಯ 5ರಲ್ಲಿದೆ. 13ನೇ ಶತಮಾನದಲ್ಲಿ ಕ್ಯಾಥೊಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ಹಳೆ ಕಾನೂನನ್ನು ಮೂರು ಪಾಲು ಮಾಡಿದರು: ನೀತಿ, ಪೂಜೆ, ನ್ಯಾಯಾಡಳಿತ. ನೀತಿಯದ್ದು ಈಗಲೂ ಇದೆ, ಉಳಿದೆರಡು ಕ್ರಿಸ್ತನೊಂದಿಗೆ ಮುಗಿಯಿತು ಅಂತ. ಜಾಸ್ತಿ ಸಭೆಗಳು ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಆದರೆ ಬೈಬಲ್ಲಿನಲ್ಲಿ ಈ ಗೆರೆ ಎಲ್ಲಿದೆ? ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನೋದು ಯಾಜಕಕಾಂಡ 19:18. ಎರಡು ಬಗೆಯ ನೂಲು ಬೆರೆತ ಬಟ್ಟೆ ಹಾಕಬೇಡ ಅನ್ನೋದು ಅದರ ಮುಂದಿನ ವಚನ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ನಾವು ಯೋಚನೆ ಮಾಡಲೇಬೇಕು. ಅದಕ್ಕೇ ಒಂದೇ ವಚನ ಕಿತ್ತು ತಂದು ಇನ್ನೊಬ್ಬರ ಮೇಲೆ ಎಸೆಯುವವರನ್ನು ನಾನು ನಂಬಲ್ಲ.

ಇದನ್ನೆಲ್ಲ ಒಪ್ಪದವರೂ ಇದ್ದಾರೆ. ಪುಣೆಯ ಔಂಧ್ ಕಡೆ ಅಡ್ವೆಂಟಿಸ್ಟರು ಅನ್ನೋ ಕ್ರೈಸ್ತ ಪಂಗಡದವರ ಸ್ಪೈಸರ್ ವಿಶ್ವವಿದ್ಯಾಲಯ ಇದೆ. ಅವರಿಗೆ ಶನಿವಾರವೇ ಸಬ್ಬತ್, ಅಂದರೆ ವಿಶ್ರಾಂತಿ ದಿನ. ಹಂದಿ, ಸೀಗಡಿ ಮುಟ್ಟಲ್ಲ, ಎಷ್ಟೋ ಜನ ಪೂರಾ ಸಸ್ಯಾಹಾರಿಗಳು. ಅವರೂ ಕ್ರೈಸ್ತರೇ ಅಲ್ವಾ? ಊಟಕ್ಕೆ ಕರೆಯುವ ಮೊದಲು ಕೇಳಿಕೊಳ್ಳಿ.