ಓದುಗರ ಪ್ರಶ್ನೆ: ಕುಂಬಾರನೂ ಹುತ್ತವೂ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊನ್ನೆ ಊಟಕ್ಕೆ ಕುಳಿತಾಗ ಇಂಜಿನಿಯರಿಂಗ್ ಓದುತ್ತಿರುವ ಮಗನೊಡನೆ ಮಾತು ದೇವರ ಕಡೆಗೆ ಹೊರಳಿತು. ‘ಪ್ರತಿಯೊಂದಕ್ಕೂ ಕಾರಣ ಇರಲೇಬೇಕು, ಜಗತ್ತಿಗೂ ಇರಬೇಕು, ಆ ಕಾರಣವೇ ದೇವರು’ ಎಂದೆ. ‘ಹಾಗಾದರೆ ದೇವರಿಗೆ ಕಾರಣ ಯಾರಪ್ಪ?’ ಎಂದು ಕೇಳಿ ಅವನು ಮಜ್ಜಿಗೆ ಬಡಿಸಿಕೊಂಡ. ನನಗೆ ಉತ್ತರ ಹೊಳೆಯಲಿಲ್ಲ. ಆ ವಾದ ಅಷ್ಟು ಸುಲಭವಾಗಿ ಬಿದ್ದುಹೋಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಮಂಡಿಸಿದ ರೂಪದಲ್ಲಿ ಖಂಡಿತ ಬಿದ್ದುಹೋಗುತ್ತದೆ. 1927ರಲ್ಲಿ ಲಂಡನ್ನಿನಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅದನ್ನು ಕೆಡವಿದ್ದೂ ನಿಮ್ಮ ಮಗ ಕೇಳಿದ ಪ್ರಶ್ನೆಯಿಂದಲೇ. ಆದರೆ ಈ ವಾದವನ್ನು ಗಂಭೀರವಾಗಿ ಕಟ್ಟಿದವರು ‘ಪ್ರತಿಯೊಂದಕ್ಕೂ ಕಾರಣವಿದೆ’ ಎಂದು ಹೇಳಿದವರಲ್ಲ. ಇಸ್ಲಾಮಿನ ತತ್ವಚಿಂತಕ ಅಲ್ ಗಜಾಲಿ (1058–1111) ಹೇಳಿದ್ದು, ಆರಂಭವುಳ್ಳ ಪ್ರತಿಯೊಂದಕ್ಕೂ ಅದರ ಆರಂಭಕ್ಕೊಂದು ಕಾರಣವಿರಬೇಕು, ಜಗತ್ತಿಗೆ ಆರಂಭವಿದೆ, ಆದ್ದರಿಂದ ಅದಕ್ಕೂ ಕಾರಣವಿದೆ ಎಂದು. ದೇವರಿಗೆ ಆರಂಭವಿಲ್ಲವೆಂದು ಒಪ್ಪುವವನ ಮುಂದೆ ಮಗನ ಪ್ರಶ್ನೆ ನಿಲ್ಲುವುದಿಲ್ಲ. ಅವನು ಕೇಳಬೇಕಾದದ್ದು, ಜಗತ್ತಿಗೆ ಆರಂಭವಿದೆ ಎಂದು ನಿಮಗೆ ಹೇಗೆ ಗೊತ್ತು ಎಂದು.

ಕ್ರೈಸ್ತ ತತ್ವಚಿಂತಕ ಥಾಮಸ್ ಅಕ್ವಿನಾಸ್ (1225–1274) ಹಿಡಿದ ದಾರಿ ಇನ್ನೂ ಬೇರೆ. ಜಗತ್ತಿಗೆ ಆರಂಭವಿದೆ ಎಂಬುದು ತನಗೆ ನಂಬಿಕೆಯಿಂದ ಬಂದ ತಿಳಿವಳಿಕೆಯೇ ಹೊರತು ತರ್ಕದಿಂದ ಸಾಧಿಸಬಹುದಾದದ್ದಲ್ಲ ಎಂದು ಆತ ಒಪ್ಪಿಕೊಂಡಿದ್ದ. ಕಮ್ಮಾರನೊಬ್ಬನ ಸುತ್ತಿಗೆ ಮುರಿದರೆ ಇನ್ನೊಂದು, ಅದೂ ಮುರಿದರೆ ಮತ್ತೊಂದು ಎಂದು ಸುತ್ತಿಗೆಗಳ ಸರಣಿ ಕೊನೆಯಿಲ್ಲದೆ ಹಿಂದಕ್ಕೆ ಹೋದರೂ ಅದರಲ್ಲಿ ತರ್ಕದೋಷವಿಲ್ಲ. ಅಜ್ಜ ತೀರಿಕೊಂಡ ಮೇಲೂ ಅಪ್ಪ ಮಗನನ್ನು ಪಡೆಯಬಲ್ಲ. ಅಕ್ವಿನಾಸನಿಗೆ ಬೇಕಾದದ್ದು ಈ ಕ್ಷಣದಲ್ಲಿ ಒಂದನ್ನೊಂದು ಹಿಡಿದು ನಿಂತ ಸರಣಿ. ಬಾವಿಯಲ್ಲಿ ನೀರು ಸೇದುವುದನ್ನು ನೆನೆಯಿರಿ. ತುಂಬಿದ ಕೊಡವನ್ನು ಹಗ್ಗ ಹಿಡಿದಿದೆ, ಹಗ್ಗವನ್ನು ಕೈ ಹಿಡಿದಿದೆ. ಕೈ ಬಿಟ್ಟರೆ ರಾಟೆ ಗಿರ್ರನೆ ತಿರುಗಿ ಕೊಡ ತಳ ಸೇರುತ್ತದೆ. ಹಗ್ಗಕ್ಕೆ ಹಗ್ಗ ಗಂಟು ಹಾಕುತ್ತ ಎಷ್ಟೇ ಉದ್ದ ಮಾಡಿದರೂ ಎಳೆಯುವ ಕೆಲಸವನ್ನು ಹಗ್ಗ ಮಾಡುವುದಿಲ್ಲ. ಅಕ್ವಿನಾಸನ ‘ಮೊದಲ ಕಾರಣ’ವೆಂದರೆ ಈ ಕೈ, ಹಿಂದೆಂದೋ ಕೊಡ ಮಾಡಿಕೊಟ್ಟು ಹೊರಟುಹೋದವನಲ್ಲ.

ವಾದದ ನಿಜವಾದ ದುರ್ಬಲ ಜಾಗ ಬೇರೊಂದೆಡೆ ಇದೆ. 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ಜೆಸ್ಯುಟ್ ಪಾದ್ರಿ ಫ್ರೆಡರಿಕ್ ಕಾಪಲ್‌ಸ್ಟನ್ ಜೊತೆ ಚರ್ಚಿಸುವಾಗ ರಸೆಲ್ ಇದನ್ನು ಹೆಚ್ಚು ಚೆನ್ನಾಗಿ ಹಿಡಿದರು: ಪ್ರತಿ ಮನುಷ್ಯನಿಗೂ ತಾಯಿ ಇದ್ದಾಳೆ, ಹಾಗೆಂದು ಇಡೀ ಮನುಷ್ಯಕುಲಕ್ಕೆ ಒಬ್ಬ ತಾಯಿ ಇರಬೇಕಿಲ್ಲ. ಬಿಡಿಬಿಡಿ ವಸ್ತುಗಳಿಗೆ ಸಲ್ಲುವ ನಿಯಮವನ್ನು ಇಡಿಗೆ ಹೊರಿಸಲು ನಮಗೆ ಅಧಿಕಾರ ಕೊಟ್ಟದ್ದು ಯಾವುದು? ತನ್ನ ವಾದ ಬಿಡಿಗಳನ್ನು ಕೂಡಿಸಿ ಇಡಿಗೆ ಕಾರಣ ಹುಡುಕುವಂಥದ್ದಲ್ಲ, ಇಲ್ಲದೆಯೂ ಇರಬಹುದಾಗಿದ್ದದ್ದು ಯಾಕಾದರೂ ಇದೆ ಎಂದು ಕೇಳುವಂಥದ್ದು ಎಂದು ಕಾಪಲ್‌ಸ್ಟನ್ ಬಿಗಿ ಹಿಡಿದರು. ಜಗತ್ತು ಸುಮ್ಮನೆ ಇದೆ, ಅಷ್ಟೆ ಎಂದು ರಸೆಲ್ ಮುಗಿಸಿದರು. ನನ್ನ ಮಟ್ಟಿಗೆ ಇಬ್ಬರೂ ಅಲ್ಲಿ ಗೆಲ್ಲಲಿಲ್ಲ. ಯಾಕೆ ಎಂದು ಕೇಳುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಅವರಿಗೆ ಒಮ್ಮತವಿರಲಿಲ್ಲ.

ಪ್ರಶ್ನೆ: ಮಹಾಸ್ಫೋಟ ಸಿದ್ಧಾಂತ ಸೃಷ್ಟಿಕರ್ತನಿದ್ದಾನೆ ಎಂಬುದಕ್ಕೆ ಪುರಾವೆಯಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಅತ್ಯಂತ ಸಾಂದ್ರವೂ ಬಿಸಿಯೂ ಆಗಿತ್ತು, ಅಂದಿನಿಂದ ಹಿಗ್ಗುತ್ತ ಬಂದಿದೆ ಎಂಬುದಷ್ಟೇ ಆ ಸಿದ್ಧಾಂತದ ಗಟ್ಟಿ ಭಾಗ. ಶೂನ್ಯದಿಂದ ಹುಟ್ಟಿತು ಎಂದು ಅದು ಹೇಳುವುದಿಲ್ಲ. 1931ರಲ್ಲಿ ಇದರ ಮೂಲ ಕಲ್ಪನೆಯನ್ನು ಮುಂದಿಟ್ಟ ಜಾರ್ಜ್ ಲಮೇತ್ರ್ ಸ್ವತಃ ಕ್ಯಾಥೋಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ವಿಜ್ಞಾನವನ್ನು ಸೃಷ್ಟಿಯ ಸಾಕ್ಷಿಯೆಂಬಂತೆ ಭಾಷಣದಲ್ಲಿ ಬಳಸಿಕೊಂಡದ್ದು ಲಮೇತ್ರ್ ಅವರಿಗೇ ಹಿಡಿಸಲಿಲ್ಲ.

ಪ್ರಶ್ನೆ: ಇವೆಲ್ಲ ಪಾಶ್ಚಾತ್ಯರ ಚರ್ಚೆಯಾಯಿತು. ನಮ್ಮ ದರ್ಶನಗಳಲ್ಲಿ ಇಂಥ ವಾದ ಇಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ, ಆದರೆ ಅದರ ಹೂರಣವೇ ಬೇರೆ. ಸರಣಿ ಎಲ್ಲೋ ನಿಲ್ಲಲೇಬೇಕು ಎಂಬ ಮಾತು ನಮ್ಮಲ್ಲಿ ಅಷ್ಟಾಗಿ ಬೇರೂರಲಿಲ್ಲ, ಏಕೆಂದರೆ ಸಂಸಾರ ಅನಾದಿ ಎಂಬುದನ್ನು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದರು. ಬೀಜದಿಂದ ಮೊಳಕೆ, ಮೊಳಕೆ ಬೆಳೆದು ಮತ್ತೆ ಬೀಜ ಎಂಬ ಬೀಜಾಂಕುರ ನ್ಯಾಯದಲ್ಲಿ ಅನವಸ್ಥೆ, ಎಂದರೆ ಕೊನೆಯಿಲ್ಲದೆ ಹಿಂದಕ್ಕೆ ಹೋಗುವ ಸರಣಿ, ದೋಷವೇ ಅಲ್ಲ.

ನೈಯಾಯಿಕರು, ಎಂದರೆ ತರ್ಕಪ್ರಧಾನವಾದ ನ್ಯಾಯದರ್ಶನದವರು, ಕೇಳಿದ್ದು ಮೊದಲು ಯಾರು ಎಂದಲ್ಲ, ಮಾಡಿದವರು ಯಾರು ಎಂದು. ಭೂಮಿ, ಮೊಳಕೆ ಮೊದಲಾದವು ಕಾರ್ಯಗಳು, ಎಂದರೆ ಕಾರಣದಿಂದ ಉಂಟಾದವು. ಕಾರ್ಯವಾದದ್ದಕ್ಕೆಲ್ಲ ಕರ್ತೃವಿದ್ದಾನೆ, ಮಡಕೆಗೆ ಕುಂಬಾರನಿರುವಂತೆ. 10–11ನೇ ಶತಮಾನದ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಇಂಥ ಹಲವು ಅನುಮಾನಗಳನ್ನು (ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕಗಳನ್ನು) ಪೋಣಿಸಿದ. ಹೊಲದಲ್ಲಿ ಮೊಳಕೆ ತಾನಾಗಿಯೇ ಬರುತ್ತದಲ್ಲ, ಅಲ್ಲಿ ಯಾವ ಕುಂಬಾರನಿದ್ದಾನೆ ಎಂದು ನೀವು ಕೇಳಿದರೆ, ಆ ಮೊಳಕೆಯ ಬಗೆಗೇ ವಾದ ನಡೆದಿರುವಾಗ ಅದನ್ನೇ ವಿರುದ್ಧ ಉದಾಹರಣೆಯಾಗಿ ತರುವಂತಿಲ್ಲ ಎಂದು ನೈಯಾಯಿಕ ಬಾಯಿ ಮುಚ್ಚಿಸುತ್ತಾನೆ. ಜಾಣತನ ಮೆಚ್ಚಬೇಕಾದದ್ದೇ.

ಇದಕ್ಕೆ ಬಂದ ಉತ್ತರಗಳಲ್ಲಿ ನನಗೆ ಅತ್ಯಂತ ಹರಿತವಾಗಿ ಕಾಣುವುದು ಬೌದ್ಧ ಧರ್ಮಕೀರ್ತಿಯದು, ಅದೂ ಉದಯನನಿಗಿಂತ ಮುಂಚಿನದು. ಮಡಕೆ ಮಣ್ಣಿನದು, ಅದನ್ನು ಕುಂಬಾರ ಮಾಡಿದ. ಹುತ್ತವೂ ಮಣ್ಣಿನದು, ಹಾಗಾದರೆ ಅದನ್ನೂ ಕುಂಬಾರನೇ ಮಾಡಿದನೇ? ಮಡಕೆಗೆ ಕರ್ತೃವಿದ್ದಾನೆ ಎಂದು ನಮಗೆ ಗೊತ್ತಿರುವುದು ಕುಂಬಾರ ತಿಗರಿ ತಿರುಗಿಸುವುದನ್ನು ಕಂಡದ್ದರಿಂದ. ಬೆಟ್ಟಕ್ಕೂ ಮಡಕೆಗೂ ‘ಕಾರ್ಯ’ ಎಂಬ ಒಂದೇ ಹೆಸರಿಟ್ಟ ಮಾತ್ರಕ್ಕೆ ಆ ತಿಳಿವಳಿಕೆ ಬೆಟ್ಟಕ್ಕೆ ದಾಟುವುದಿಲ್ಲ. ಜೈನರೂ ಸುಮ್ಮನಿರಲಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಜಿನಸೇನಾಚಾರ್ಯರು ಸಂಸ್ಕೃತದ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಒಂದೊಂದಾಗಿ ಬಿಚ್ಚಿ ಖಂಡಿಸಿದ್ದಾರೆ: ಸಾಮಗ್ರಿಯಿಲ್ಲದೆ ಹೇಗೆ ಸೃಷ್ಟಿಸಿದ? ಸಾಮಗ್ರಿ ತಾನಾಗಿ ಇತ್ತು ಎನ್ನುವುದಾದರೆ ಜಗತ್ತೂ ತಾನಾಗಿ ಏಕೆ ಇರಬಾರದು? 941ರಲ್ಲಿ ಪಂಪ ತನ್ನ ಕನ್ನಡ ಕಾವ್ಯಕ್ಕೆ ಆಧಾರವಾಗಿ ಹಿಡಿದದ್ದು ಇದೇ ಗ್ರಂಥವನ್ನು.

ಇಷ್ಟು ನಿರೀಕ್ಷಿತವೇ. ಅಚ್ಚರಿಯೆಂದರೆ ಪರಮ ಆಸ್ತಿಕರೂ ಈ ಅನುಮಾನವನ್ನು ಒಲ್ಲೆನೆಂದದ್ದು. ಮೇಲುಕೋಟೆಯೊಡನೆ ನಂಟಿರುವ ರಾಮಾನುಜರು ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದಲ್ಲಿ, ಭೂಮಿ, ಬೆಟ್ಟ, ಸಮುದ್ರಗಳೆಲ್ಲ ಒಂದೇ ಕಾಲದಲ್ಲಿ ಒಬ್ಬನೇ ಕರ್ತೃವಿನಿಂದ ಆದವು ಎನ್ನಲು ತರ್ಕದಲ್ಲಿ ಆಧಾರವಿಲ್ಲವೆಂದು ಪಟ್ಟಾಗಿ ವಾದಿಸುತ್ತಾರೆ. ದೊಡ್ಡ ಗೋಪುರವನ್ನು ಹಲವರು ಸೇರಿ ಕಟ್ಟುವುದಿಲ್ಲವೇ? ಮಡಕೆಯ ಹೋಲಿಕೆಯನ್ನು ಕೊನೆಯವರೆಗೂ ಒಯ್ದರೆ ಮೈಕೈಯುಳ್ಳ, ಕರ್ಮಬದ್ಧನಾದ ಕುಂಬಾರನೇ ಸಿಗುತ್ತಾನೆ, ಪರಮಾತ್ಮನಲ್ಲ. ಉಡುಪಿಯ ಮಧ್ವಾಚಾರ್ಯರದೂ ಇದೇ ನಿಲುವು: ದೇವರನ್ನು ಇಂದ್ರಿಯಗಳೂ ತಿಳಿಸಲಾರವು, ಅನುಮಾನವೂ ತಿಳಿಸಲಾರದು, ವೇದವೇ ತಿಳಿಸಬೇಕು.

ಉದಯನನ ಬಗೆಗೆ ಒಂದು ದಂತಕಥೆಯಿದೆ. ಪುರಿಯ ಜಗನ್ನಾಥನ ದರ್ಶನಕ್ಕೆ ಹೋದಾಗ ಗುಡಿಯ ಬಾಗಿಲು ಮುಚ್ಚಿತ್ತಂತೆ. ಸಿಟ್ಟಿನಿಂದ ಆತ, ‘ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತಿದ್ದೀಯೆ; ಬೌದ್ಧರು ಬಂದು ನಿಂತಾಗ ನಿನ್ನ ಇರವು ನನ್ನ ಕೈಯಲ್ಲಿದೆ, ನೆನಪಿರಲಿ’ ಎಂದನಂತೆ. ಕಥೆ ನಿಜವೋ ಸುಳ್ಳೋ, ರಾಮಾನುಜರಿಗೂ ಮಧ್ವರಿಗೂ ಒಪ್ಪಿಗೆಯಾಗದೆ ಹೋದದ್ದು ಈ ಕೊನೆಯ ಮಾತೇ.