ದುಡ್ಡು ಕೊಟ್ಟರೂ ಬಿಡುವುದಿಲ್ಲ, ಫೋನ್ ಒಡೆದರೂ ಬಿಡುವುದಿಲ್ಲ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಕ್ಕಳ ನಗ್ನ ವಿಡಿಯೊ ಇಟ್ಟುಕೊಂಡು ದುಡ್ಡಿಗೆ ಬೆದರಿಸುವ ಇಂಥದ್ದೇ ಪ್ರಕರಣ ಸಲಹೆಗಾರ್ತಿಯಾದ ನನ್ನ ಬಳಿ ಬೇರೆ ಬೇರೆ ಮನೆಗಳಿಂದ ಮತ್ತೆ ಮತ್ತೆ ಬರುತ್ತಿರುವುದಕ್ಕೆ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ದ್ವಿತೀಯ ಪಿಯು ಓದುವ 17ರ ಹುಡುಗ. ಇನ್‌ಸ್ಟಾಗ್ರಾಂನಲ್ಲಿ ಹುಡುಗಿಯ ಹೆಸರಿನ ಖಾತೆ ಪರಿಚಯವಾಗಿ, ಮಾತು ವಾಟ್ಸಾಪ್ ವಿಡಿಯೊ ಕರೆಗೆ ಹೊರಳಿತು. ಅವನು ಕಂಡದ್ದು ಮೊದಲೇ ತೆಗೆದಿಟ್ಟ ನಗ್ನ ವಿಡಿಯೊ. ಕರೆಯಲ್ಲಿ ಅವನ ನಗ್ನ ದೃಶ್ಯವನ್ನು ಆ ಖಾತೆಯ ಹಿಂದಿದ್ದವರು ರೆಕಾರ್ಡ್ ಮಾಡಿಕೊಂಡರು. ಆ ವಿಡಿಯೊ, ಅವನ ಫಾಲೋವರ್‌ಗಳ ಪಟ್ಟಿ, ಒಂದು ಯುಪಿಐ ಐಡಿ ಒಟ್ಟಿಗೇ ಬಂದವು. ಅಮ್ಮನ ಫೋನಿನಿಂದ ಎರಡು ಸಲ ದುಡ್ಡು ಹಾಕಿದ. ಬೇಡಿಕೆ ದುಪ್ಪಟ್ಟಾಯಿತು. ಕೊಡುವವನು ಎಂದು ಗೊತ್ತಾದ ಮೇಲೆ ಅವರು ಬಿಡುವುದಿಲ್ಲ.

ಎರಡನೇ ಭೇಟಿಗೆ ಅಪ್ಪನೂ ಬಂದರು. "ಫೋನ್ ಒಡ್ದಾಕ್ಬುಟ್ರೆ ಸರಿಹೋಯ್ತದೆ ಬುಡಿ ಮೇಡಂ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಂಗ್ಯಾಕ್ಲಾ ಮೊದ್ಲೇ ಯೋಳ್ಲಿಲ್ಲ?"

ಹುಡುಗ ತಲೆ ಎತ್ತಲಿಲ್ಲ. "ನಿಂಗ್ ಯೋಳಿದ್ರೆ ವಡೀತಿದ್ದೆ ಕಣಪ್ಪ. ಅವ್ನು ದುಡ್ ಮಾತ್ರ ಕೇಳ್ತಿದ್ದ."

ಬೆದರಿಸುವವರು ಬದುಕುವುದೇ ಈ ಹೆದರಿಕೆಯ ಮೇಲೆ. ಹಾಗಾಗಿ ಮೊದಲ ಸಲಹೆ ಅಪ್ಪನಿಗೆ: ಹೊಡೆಯುವುದಿಲ್ಲವೆಂದು ಅವನೆದುರೇ ಹೇಳಿ, ಫೋನ್ ಕಸಿಯಬೇಡಿ, ಈ ವಾರ ರಾತ್ರಿ ಅವನನ್ನು ಒಂಟಿ ಬಿಡಬೇಡಿ. ಇದು ಸಲಿಗೆ ಕೊಟ್ಟಂತೆ ಎನ್ನುವ ಮೇಷ್ಟ್ರುಗಳಿದ್ದಾರೆ. ನಾನು ಒಪ್ಪುವುದಿಲ್ಲ. ಏಟಿಗೆ ಹೆದರಿ ಬಾಯಿ ಮುಚ್ಚಿಕೊಂಡ ಮಗು ಮತ್ತೆ ದುಡ್ಡು ಹೊಂದಿಸುತ್ತದೆ, ಇಲ್ಲವೇ ಜೀವ ಕಳೆದುಕೊಳ್ಳುವ ಯೋಚನೆಗೆ ಬೀಳುತ್ತದೆ. ಅಂಥ ಮಾತು ಬಾಯಿಗೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ ಸಿಗುತ್ತದೆ.

ಫೋನ್ ಒಡೆದರೆ ಹೋಗುವುದು ಸಾಕ್ಷಿ. ಬ್ಲಾಕ್ ಮಾಡುವ ಮೊದಲು ಖಾತೆಯ ಯೂಸರ್‌ನೇಮ್ ಮತ್ತು ಲಿಂಕ್, ಫೋನ್ ನಂಬರ್, ಯುಪಿಐ ಐಡಿ, ಹಣ ಹೋದದ್ದರ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು ಸಂಖ್ಯೆ), ಬೆದರಿಕೆಯ ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ಬೇಕು. ವಾಟ್ಸಾಪ್‌ನಲ್ಲಿ ರಿಪೋರ್ಟ್ ಒತ್ತುವಾಗ ಚಾಟ್ ಅಳಿಸುವ ಟಿಕ್ ಕಂಡರೆ ತೆಗೆಯಿರಿ. ಬಹಳ ಮಂದಿ ಇಲ್ಲೇ ಸಾಕ್ಷಿ ಕಳೆದುಕೊಳ್ಳುತ್ತಾರೆ. ಆ ವಿಡಿಯೊವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಸಲಹೆಗಾರರಿಗೂ ಬೇಡ. 18 ತುಂಬದವರ ಅಂಥ ದೃಶ್ಯ ಹಂಚುವುದು ಐಟಿ ಕಾಯ್ದೆಯ 67ಬಿ ಅಡಿ ಅಪರಾಧ.

ಅಮ್ಮನ ಖಾತೆಯಿಂದ ಹಣ ಹೋದದ್ದರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅಮ್ಮನಿಂದಲೇ ಕರೆ ಮಾಡಿಸಿದೆವು. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಅವಕಾಶ ಹೆಚ್ಚು. ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ. "ಠಾಣೆ ಬ್ಯಾಡ, ಮಾನ ಹೋಯ್ತದೆ" ಎಂದರು ಅಪ್ಪ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ಇದರಲ್ಲಿ ನನ್ನ ಇಷ್ಟಾನಿಷ್ಟ ಇಲ್ಲ. ಮಗುವಿನ ಗುರುತು ಮಾಧ್ಯಮಗಳಲ್ಲಿ ಬಾರದಂತೆ ಅದೇ ಕಾಯ್ದೆಯ 23ನೇ ಸೆಕ್ಷನ್ ಕಾಯುತ್ತದೆ ಎಂದ ಮೇಲೆ ಎದ್ದರು.

ವಿಡಿಯೊ ಹರಡದಂತೆ ಟೇಕ್ ಇಟ್ ಡೌನ್ ಎಂಬ ಆನ್‌ಲೈನ್ ಸೇವೆ ಬಳಸಿದೆವು. ವಿಡಿಯೊ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗಿ, ಈ ಸೇವೆಗೆ ಸೇರಿಕೊಂಡಿರುವ ತಾಣಗಳು ಅದನ್ನು ಹುಡುಕಿ ತೆಗೆಯುತ್ತವೆ. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಎಂಬ ಇಂಥದ್ದೇ ಸೇವೆ ಇದೆ. ಖಾಸಗಿ ಚಾಟ್‌ಗಳಲ್ಲಿ ಹರಿದಾಡುವುದನ್ನು ಇವು ತಡೆಯಲಾರವು. ಅದಕ್ಕೆ ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿಸಿ, ಹತ್ತಿರದ ಗೆಳೆಯರಿಗೆ ಅವನಿಂದಲೇ ಒಂದು ಸಾಲು ಕಳಿಸಿದೆವು: "ನನ್ನ ಹೆಸರಲ್ಲಿ ಏನಾದ್ರೂ ಬಂದ್ರೆ ತೆಗೀಬೇಡಿ, ರಿಪೋರ್ಟ್ ಮಾಡಿ."